ಇನ್ನೊಂದು ಪ್ರತಿ ಇರಲಿ

ನಮ್ಮ ಹತ್ತಿಮತ್ತೂರಿನ ಹೆಸರು ಇತಿಹಾಸದ ದೊಡ್ಡ ಪುಸ್ತಕಗಳಲ್ಲಿ ಬರುವುದು ಒಂದು ಕಲ್ಲಿನ ದೆಸೆಯಿಂದ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕನ್ನಡ ಶಾಸನ ಅದು. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಸಿದನೆಂದು ಹೆಸರಾದ ಅರಸ ಇವನೇ. ಎಂಟನೆಯ ಶತಮಾನದಲ್ಲಿ ಯಾರೋ ಒಬ್ಬ ಕಲ್ಲುಕುಟಿಗ ಈ ಊರಿನಲ್ಲಿ ಉಳಿ ಹಿಡಿದು ಕೂತು ಕಡೆದ ಅಕ್ಷರ, ಹನ್ನೆರಡು ಶತಮಾನದ ಮಳೆ ಬಿಸಿಲು ಉಂಡೂ ಓದಲು ಬರುವ ಹಾಗೆ ಉಳಿಯಿತು. ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಓದಿ, ‘ಎಪಿಗ್ರಾಫಿಯಾ ಇಂಡಿಕಾ’ದ 6ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಸಂಪುಟದ ಕಾಲ 1900–01.

ಶಾಸನದ ಪಡಿಯಚ್ಚು ತೆಗೆಯುವುದನ್ನು ಕಂಡವರಿಗೆ ಅದರ ಸೊಗಸು ಗೊತ್ತು. ಮೊದಲು ಕಲ್ಲನ್ನು ನೀರು ಹಾಕಿ ಬ್ರಷ್ಷಿನಿಂದ ಉಜ್ಜಿ ಹಾವಸೆ ತೆಗೆಯುತ್ತಾರೆ. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಗಾಳಿ ಉಳಿಯದ ಹಾಗೆ ಬ್ರಷ್ಷಿನಿಂದ ಬಡಿಯುತ್ತ ಹೋಗುತ್ತಾರೆ. ಕಾಗದ ಅಕ್ಷರದ ಗುಳಿಯೊಳಗೆ ಇಳಿದು ಕೂಡುತ್ತದೆ. ಆಮೇಲೆ ಮಸಿ ಹಚ್ಚಿದ ಬಟ್ಟೆಯ ಗುಂಡಿನಿಂದ ಮೆಲ್ಲಗೆ ಒತ್ತಿದರೆ ಕಲ್ಲಿನ ಮೈ ಕರ್ರಗಾಗಿ, ಅಕ್ಷರ ಮಾತ್ರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಒಣಗಿದ ಕಾಗದವನ್ನು ಸುರುಳಿ ಸುತ್ತಿ ಒಯ್ಯುತ್ತಾರೆ. ಕಲ್ಲು ಇದ್ದಲ್ಲೇ ಇರುತ್ತದೆ, ಅದರ ಬರಹ ಊರೂರು ತಿರುಗುತ್ತದೆ. ನಮ್ಮೂರ ಕಲ್ಲಿಗೆ ನಾಳೆ ಸಿಡಿಲು ಬಡಿದರೂ ಅದರ ಪಾಠ ಜಗತ್ತಿನ ಹತ್ತಾರು ಗ್ರಂಥಾಲಯಗಳಲ್ಲಿ ಇದೆ. ಇದೇ ಫ್ಲೀಟ್ ಸಂಗೊಳ್ಳಿ ರಾಯಣ್ಣನ ಲಾವಣಿಯಂಥ ಜನಪದರ ಹಾಡುಗಳನ್ನೂ ಕೇಳಿ ಬರೆದುಕೊಂಡು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಕಲ್ಲಿನ ಮೇಲಿದ್ದದ್ದಕ್ಕೂ ಒಂದು ಪ್ರತಿ ಆಯಿತು, ಬಾಯಲ್ಲಿದ್ದದ್ದಕ್ಕೂ ಒಂದು ಪ್ರತಿ ಆಯಿತು.

ಲ್ಯಾಪ್‌ಟಾಪಿಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿ ಬ್ಯಾಕಪ್ ಮಾಡಲು ಕೂತಾಗೆಲ್ಲ ನನ್ನ ಮನಸ್ಸು ಈ ಕಡೆ ಹರಿಯುತ್ತದೆ. ಹಳ್ಳಿಯ ಮನೆಯ ಲ್ಯಾಪ್‌ಟಾಪಿನಲ್ಲಿ ಅಂಥದ್ದೇನಿರುತ್ತದೆ ಎಂದು ಕೇಳುವವರಿದ್ದಾರೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಓಣಿಯ ಮುದುಕಿಯರು ಹಾಡಿದ ಬೀಸುಕಲ್ಲಿನ ಪದಗಳಿವೆ, ಸೋಬಾನೆ ಪದಗಳಿವೆ. ಹೊಲದ ಉತಾರ, ಹಳೆಯ ಖರೀದಿ ಪತ್ರ, ಅಜ್ಜನ ಕಾಲದ ಲೆಕ್ಕದ ವಹಿಯ ಫೋಟೋಗಳಿವೆ. ಮನೆಯ ಮದುವೆ, ಕುಬಸ, ಜವಳಗಳ ಚಿತ್ರಗಳಿವೆ. ಅಣ್ಣನ ಮಗ ದೀಪಾವಳಿಯ ನಂತರದ ಹೋರಿ ಹಬ್ಬಗಳಲ್ಲಿ ತೆಗೆದ ವಿಡಿಯೋಗಳಿವೆ. ಕೊಬ್ಬರಿ ಹಾರ, ಬಲೂನು, ರಿಬ್ಬನ್ ಕಟ್ಟಿಕೊಂಡು ಅಖಾಡದಲ್ಲಿ ಓಡುವ ಹೋರಿಗಳು, ಒಂದೊಂದಕ್ಕೂ ಒಂದೊಂದು ಹೆಸರು. ಹಾವೇರಿ ಸೀಮೆಯ ಹುಡುಗರಿಗೆ ಆ ಹೋರಿಗಳ ಹೆಸರು ಸಿನಿಮಾ ನಟರ ಹೆಸರಿಗಿಂತ ಮೊದಲು ನಾಲಿಗೆಗೆ ಬರುತ್ತದೆ. ಪದ ಹಾಡಿದ ಅವ್ವಂದಿರಲ್ಲಿ ಹಲವರು ಈಗಿಲ್ಲ. ಉತಾರವನ್ನು ನಾಡಕಚೇರಿಯಲ್ಲಿ ಮತ್ತೆ ತೆಗೆಸಬಹುದು, ಆ ದನಿಯನ್ನು ಮತ್ತೆ ಎಲ್ಲಿಂದ ತರುವುದು? ಬ್ಯಾಕಪ್ಪಿನ ಮಾತು ಶುರುವಾಗಬೇಕಾದ್ದು ಈ ಪ್ರಶ್ನೆಯಿಂದ ಎಂದು ನನ್ನ ನಂಬಿಕೆ.

ಅಣ್ಣನ ಮಗ ಹಾವೇರಿಯ ಕಾಲೇಜಿಗೆ ಹೋಗುತ್ತಾನೆ. ನಾನು ಡಿಸ್ಕ್ ಹಚ್ಚಿಕೊಂಡು ಕೂತದ್ದು ಕಂಡು ಒಮ್ಮೆ ಕೇಳಿದ.

“ಕಾಕಾ, ಇಷ್ಟ್ಯಾಕ ತ್ರಾಸ ತಗೋತೀರಿ? ಲ್ಯಾಪ್‌ಟಾಪ್ ಛಲೋನ ಐತಲ್ಲ.”

“ಛಲೋ ಇದ್ದಾಗನ ಮಾಡಬೇಕಪಾ. ಕೆಟ್ಟಮ್ಯಾಲೆ ಏನು ಕಾಪಿ ಮಾಡ್ತಿ?”

“ಕೆಟ್ರ ಹುಬ್ಬಳ್ಳ್ಯಾಗ ರಿಕವರಿ ಮಾಡಿಕೊಡ್ತಾರ್ರೀ.”

“ಬಂದ್ರ ಬಂತು, ಇಲ್ಲಂದ್ರ ಇಲ್ಲ ಅಂತಾರ ಅವರು. ನಿಮ್ಮಮ್ಮನ ಪದ ಆ ಮಾತಿನ ಮ್ಯಾಲೆ ಬಿಡೂದೇನು?”

ಅವನು ಸುಮ್ಮನೆ ಬಂದು ಪಕ್ಕದಲ್ಲಿ ಕೂತ. ಅವನ ತಾಯಿಯ ತಾಯಿ ಹಾಡಿದ ಪದ ಆಗ ಕಾಪಿ ಆಗುತ್ತಿತ್ತು.

ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾರ್ಡ್ ಡಿಸ್ಕ್ ಎಂಬ ವಸ್ತು ಮೊದಲು ಮಾರಾಟಕ್ಕೆ ಬಂದದ್ದು 1956ರಲ್ಲಿ. ಐಬಿಎಂ ಕಂಪನಿಯ ರಾಮ್ಯಾಕ್ ಯಂತ್ರದ ಡಿಸ್ಕ್ ಅದು: 24 ಇಂಚು ಅಗಲದ 50 ತಟ್ಟೆಗಳು, ಟನ್ನಿನಷ್ಟು ತೂಕ, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋ ಅಷ್ಟನ್ನು ತಿಂದು ಮುಗಿಸುತ್ತವೆ. ಈಗ ಅಂಗಿಯ ಕಿಸೆಯಲ್ಲಿ ಹಿಡಿಸುವ ಡಿಸ್ಕಿನಲ್ಲಿ ಅಂಥ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಸರಕು ಕೂಡುತ್ತದೆ. ಆದರೆ ಒಳಗಿನ ಕೆಲಸ ಅಂದಿನದೇ. ತಟ್ಟೆ ತಿರುಗುತ್ತದೆ, ಓದುವ ಬರೆಯುವ ತಲೆ ಅದರ ಮೇಲೆ ಓಡಾಡುತ್ತದೆ. ಪೋರ್ಟಬಲ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ಹಾಕುತ್ತದೆ. ತಟ್ಟೆಗೂ ತಲೆಗೂ ನಡುವೆ ಇರುವ ಅಂತರ ಕೆಲವೇ ನ್ಯಾನೋಮೀಟರ್. ನಮ್ಮ ಒಂದು ಕೂದಲ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಹಾಗಾಗಿ ತಟ್ಟೆ ತಿರುಗುವಾಗ ಡಿಸ್ಕನ್ನು ಮೇಜಿನಿಂದ ಬೀಳಿಸಬಾರದು, ಕೈಯಲ್ಲಿ ಹಿಡಿದು ಓಡಾಡಬಾರದು. ತಲೆ ತಟ್ಟೆಗೆ ತಾಗಿದರೆ ಬರಹ ಕೆರೆದು ಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಹೊಸ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ, ಎಸ್‌ಎಸ್‌ಡಿ ಇರುತ್ತದೆ. ಅದಕ್ಕೆ ಬಿದ್ದ ಏಟು ಅಷ್ಟಾಗಿ ತಾಗುವುದಿಲ್ಲ, ವೇಗವೂ ಬಹಳ. ಆದರೆ ಅದು ಸಾಯುವಾಗ ಸದ್ದಿಲ್ಲದೆ ಸಾಯುವುದುಂಟು. ಹಳೆಯ ಡಿಸ್ಕು ಕಟಕಟ ಎಂದು ಎಚ್ಚರಿಕೆಯನ್ನಾದರೂ ಕೊಡುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲನ್ನು ಮರಳಿ ಎತ್ತುವುದು ಇನ್ನೂ ಕಠಿಣ, ಏಕೆಂದರೆ ಅಳಿಸಿದ ಜಾಗವನ್ನು ಅದು ತಾನೇ ಒರೆಸಿ ಇಟ್ಟುಕೊಳ್ಳುತ್ತದೆ. ಕರೆಂಟ್ ತೋರಿಸದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದರೊಳಗಿನ ವಿದ್ಯುದಂಶ ಸೋರಿ ಬರಹ ಮಸುಕಾಗುವ ಸಂಭವವೂ ಉಂಟು. ಆದ್ದರಿಂದ ಬಹಳ ಕಾಲ ಎತ್ತಿಡುವ ಪ್ರತಿಗೆ ತಿರುಗುವ ತಟ್ಟೆಯ ಡಿಸ್ಕೇ ವಾಸಿ, ಬೆಲೆಯೂ ಕಡಿಮೆ. ಎರಡು ಟೆರಾಬೈಟಿನ ಪೆನ್‌ಡ್ರೈವ್ ಮೂರು ನಾಲ್ಕು ನೂರು ರೂಪಾಯಿಗೆ ಸಿಗುತ್ತದೆ ಎಂದು ಯಾರಾದರೂ ತೋರಿಸಿದರೆ ಮುಟ್ಟಬೇಡಿ. ಅಂಥವು ದೊಡ್ಡ ಅಳತೆಯ ಸುಳ್ಳು ಹೇಳಿ, ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆದು ಎರಡನ್ನೂ ಕೆಡಿಸುತ್ತವೆ.

ಒಂದು ಟೆರಾಬೈಟ್ ಡಿಸ್ಕ್ ತಂದವರು ಕಂಪ್ಯೂಟರಿನಲ್ಲಿ 931 ಜಿಬಿ ಎಂದು ಕಂಡಾಗ ಅಂಗಡಿಯವನು ಮೋಸ ಮಾಡಿದ ಎಂದು ಸಿಟ್ಟಾಗುತ್ತಾರೆ. ಪಾಪ, ಅವನ ತಪ್ಪಿಲ್ಲ. ಡಿಸ್ಕ್ ಮಾಡುವವರು 1 ಲಕ್ಷ ಕೋಟಿ ಬೈಟನ್ನು ಟೆರಾಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ ಅದನ್ನು 1024ರ ಮಡಿಯಲ್ಲಿ ಭಾಗಿಸಿ ತೋರಿಸುತ್ತದೆ. ಸರಕು ಅಷ್ಟೇ ಇದೆ, ಅಳೆಯುವ ಕೊಳಗ ಬೇರೆ.

ಮಾಡುವ ಕೆಲಸ ಕಷ್ಟದ್ದಲ್ಲ. ಡಿಸ್ಕ್ ಹಚ್ಚಿ, ಬೇಕಾದ ಫೋಲ್ಡರುಗಳನ್ನು ಕಾಪಿ ಮಾಡಿ, ಆ ದಿನದ ತಾರೀಖು ಹಾಕಿದ ಫೋಲ್ಡರಿನಲ್ಲಿ ಪೇಸ್ಟ್ ಮಾಡುವುದು. ಇಲ್ಲಿ ಒಂದು ಮಾತನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು: ಕಟ್ ಮಾಡಬಾರದು, ಕಾಪಿ ಮಾಡಬೇಕು. ಲ್ಯಾಪ್‌ಟಾಪ್ ತುಂಬಿತೆಂದು ಎಲ್ಲ ಫೋಟೋಗಳನ್ನು ಡಿಸ್ಕಿಗೆ ಸಾಗಿಸಿ, ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿ, ‘ಬ್ಯಾಕಪ್ ಆಗೇತಿ’ ಎಂದು ನೆಮ್ಮದಿಯಿಂದ ಮಲಗುವ ಮನೆಗಳು ಬಹಳ. ಅಲ್ಲಿ ಆದದ್ದು ಬರೀ ಸ್ಥಳಾಂತರ. ಮೊದಲೂ ಒಂದೇ ಇತ್ತು, ಈಗಲೂ ಒಂದೇ ಇದೆ.

ವೇಳೆಯ ಲೆಕ್ಕವೂ ಗೊತ್ತಿರಲಿ. ಯುಎಸ್‌ಬಿ 3ರ ತೂತಿಗೆ ಹಾಕಿದರೆ ಸೆಕೆಂಡಿಗೆ 100 ಎಂಬಿ ಹರಿಯಿತೆಂದುಕೊಳ್ಳಿ, 500 ಜಿಬಿಗೆ ಒಂದೂವರೆ ತಾಸು. ಹಳೆಯ ಯುಎಸ್‌ಬಿ 2ರ ತೂತಿಗೆ ಹಾಕಿದರೆ ಅದೇ ಕೆಲಸಕ್ಕೆ ನಾಲ್ಕು ತಾಸು. ಸಣ್ಣ ಸಣ್ಣ ಫೈಲುಗಳು ಸಾವಿರಾರು ಇದ್ದರೆ ಇನ್ನೂ ನಿಧಾನ. ಮೊದಲ ಸಲ ಮಾತ್ರ ಪೂರ್ತಿ ಕಾಪಿ ಬೇಕು, ಆಮೇಲೆ ಹೊಸದಾಗಿ ಸೇರಿದ್ದು ಮತ್ತು ಬದಲಾದದ್ದು ಹೋದರೆ ಸಾಕು. ಇದನ್ನು ತಾನೇ ಲೆಕ್ಕ ಇಟ್ಟು ಮಾಡುವ ತಂತ್ರಾಂಶಗಳಿವೆ. ಆಪಲ್‌ನಲ್ಲಿ 2007ರಿಂದ ಟೈಮ್ ಮಷೀನ್ ಇದೆ, ವಿಂಡೋಸ್‌ನಲ್ಲಿ 2012ರಿಂದ ಫೈಲ್ ಹಿಸ್ಟರಿ ಇದೆ, ಲಿನಕ್ಸ್ ಮಂದಿಗೆ 1996ರ ಆರ್‌ಸಿಂಕ್ ಈಗಲೂ ದುಡಿಯುತ್ತದೆ. ಹೋರಿ ಹಬ್ಬದ ಉದ್ದುದ್ದ ವಿಡಿಯೋ ಇರುವವರು ಡಿಸ್ಕನ್ನು ಎಫ್‌ಎಟಿ 32 ಎಂಬ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಮಾಡಬಾರದು, ಅದು 4 ಜಿಬಿಗಿಂತ ದೊಡ್ಡ ಒಂದು ಫೈಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನು ಕಾಪಿ ನಡುವೆ ಕರೆಂಟ್ ಹೋಗುವುದು ನಮ್ಮ ಕಡೆ ಹೊಸದಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿಸಿಕೊಂಡೇ ಕೂಡಬೇಕು. ಮುಗಿದ ಮೇಲೆ ವೈರನ್ನು ಎಳೆದು ತೆಗೆಯದೆ, ಡಿಸ್ಕನ್ನು ಬಿಡಿಸುವ ಗುಂಡಿ ಒತ್ತಿ ಕಾಯಬೇಕು. ಪರದೆಯ ಮೇಲೆ ‘ಮುಗಿಯಿತು’ ಎಂದು ಕಂಡರೂ ಕೊನೆಯ ತುಣುಕು ಇನ್ನೂ ಮೆಮೊರಿಯಲ್ಲೇ ಉಳಿದಿರಬಹುದು.

ಕಾಪಿ ಆಗುವ ಹೊತ್ತಿನಲ್ಲಿ ಚಹಾ ಕುಡಿಯುತ್ತ ನಾನು ಅತ್ತಿಮಬ್ಬೆಯನ್ನು ನೆನೆಯುತ್ತೇನೆ. ಕನ್ನಡ ನಾಡಿನಲ್ಲಿ ಪ್ರತಿ ಮಾಡುವ ಕೆಲಸದ ಬೆಲೆಯನ್ನು ಆ ತಾಯಿಯಷ್ಟು ಅರಿತವರು ಮತ್ತೊಬ್ಬರಿಲ್ಲ. ಹತ್ತನೆಯ ಶತಮಾನದಲ್ಲಿ ಪೊನ್ನ ‘ಶಾಂತಿಪುರಾಣ’ ಬರೆದ. ಬರೆಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ. ತಂದೆ ಬರೆಸಿದ ಕಾವ್ಯವನ್ನು ಮಗಳು ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಂದು ಅಚ್ಚಿನ ಮೊಳೆ ಇರಲಿಲ್ಲ. ತಾಳೆಗರಿಯನ್ನು ಹದ ಮಾಡಿ, ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ತೀಡಿ, ತೂತು ಮಾಡಿ ದಾರ ಪೋಣಿಸಿ ಕಟ್ಟು ಕಟ್ಟಬೇಕು. ಹಾಗೆ ಸಾವಿರ ಕಟ್ಟು! ಎಷ್ಟು ಮಂದಿ ಬರೆದರೋ, ಎಷ್ಟು ವರ್ಷ ಬರೆದರೋ. ಅವಳ ದಾನವನ್ನು ಸಾರುವ 1007ರ ಶಾಸನ ನಮ್ಮ ನೆರೆಯ ಗದಗ ಜಿಲ್ಲೆಯ ಲಕ್ಕುಂಡಿಯ ಬಸದಿಯಲ್ಲಿ ಇದೆ.

ಆ ಸಾವಿರ ಪ್ರತಿಯ ಫಲ ನೋಡಿ. ‘ಶಾಂತಿಪುರಾಣ’ ಇಂದು ನಮಗೆ ಓದಲು ಸಿಗುತ್ತದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಸಿಗುವುದಿಲ್ಲ. ಕವಿ ಒಬ್ಬನೇ, ಕಾಲ ಒಂದೇ, ತಾಳೆಗರಿಯೂ ಒಂದೇ ಜಾತಿಯದು. ಅತ್ತಿಮಬ್ಬೆಯ ಆಶ್ರಯದಲ್ಲಿ ‘ಅಜಿತಪುರಾಣ’ ಬರೆದ ರನ್ನನ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ ಕೂಡ ಹೆಸರಾಗಿ ಮಾತ್ರ ಉಳಿದಿವೆ. ಅವುಗಳ ಪ್ರತಿ ಎಷ್ಟಿದ್ದವೋ, ಯಾವ ಮಠದ ಅಟ್ಟದಲ್ಲಿ ಗೆದ್ದಲಿಗೆ ಹೋದವೋ. ಕಾವ್ಯ ಒಳ್ಳೆಯದಿದ್ದರೆ ತಾನೇ ಉಳಿಯುತ್ತದೆ ಎಂದು ನಾವು ಹೇಳಿಕೊಳ್ಳುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಳ್ಳೆಯದನ್ನು ಯಾರೋ ಒಬ್ಬರು ಕೂತು ಪ್ರತಿ ಮಾಡಿ, ಇನ್ನೊಬ್ಬರ ಕೈಗೆ ಕೊಟ್ಟರೆ ಉಳಿಯುತ್ತದೆ.

ಇದು ತಾಳೆಗರಿಯ ಕಾಲದ ಮಾತು ಮಾತ್ರ ಎಂದುಕೊಳ್ಳಬೇಡಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತಯಾರಾದ, ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಪಾತ್ರ ಮಾಡಿದ ಆ ಚಿತ್ರದ ಒಂದು ಪ್ರಿಂಟೂ ಇಂದು ಉಳಿದಿಲ್ಲ. ನೂರು ವರ್ಷವೂ ತುಂಬದ ವಸ್ತು! ಸಾವಿರ ವರ್ಷದ ಹಿಂದಿನ ಪೊನ್ನನ ಕಾವ್ಯ ನಮ್ಮ ಕೈಯಲ್ಲಿದೆ, ನಮ್ಮ ಅಜ್ಜಂದಿರು ದುಡ್ಡು ಕೊಟ್ಟು ನೋಡಿದ ಸಿನಿಮಾ ಇಲ್ಲ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ವಚನಗಳ ತಾಳೆಗರಿ ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಹೂಡಿದರು. ಅವರು ಆ ಹೊತ್ತಿಗೆ ಏಳದಿದ್ದರೆ ಎಷ್ಟು ವಚನಗಳು ‘ಸತಿ ಸುಲೋಚನ’ದ ದಾರಿ ಹಿಡಿಯುತ್ತಿದ್ದವೋ ನೆನೆದರೆ ಎದೆ ಝಲ್ಲೆನ್ನುತ್ತದೆ.

ಅಣ್ಣನ ಮಗನ ಇನ್ನೊಂದು ಪ್ರಶ್ನೆ ಇತ್ತು. “ಎಲ್ಲಾ ಗೂಗಲ್‌ನ್ಯಾಗ ಹೋಗಿ ಕೂತಿರ್ತಾವಲ್ಲ ಕಾಕಾ, ಡಿಸ್ಕ್ ಯಾಕ ಬೇಕು?” ಅಂತರಜಾಲದ ಪ್ರತಿಯೂ ಒಂದು ಪ್ರತಿಯೇ, ಇರಲಿ, ಬೇಕು. ಆದರೆ 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ ನಿಂತಿತು. ಈಗ ಮೇಲ್, ಫೋಟೋ, ಕಡತ ಎಲ್ಲ ಸೇರಿ ಪುಕ್ಕಟೆ ಸಿಗುವುದು 15 ಜಿಬಿ. ಅದು ತುಂಬಿದ ದಿನದಿಂದ ಹೊಸ ಫೋಟೋ ಮೇಲೇರುವುದು ನಿಲ್ಲುತ್ತದೆ, ಬಹಳ ಮಂದಿಗೆ ಅದು ಗೊತ್ತೇ ಆಗುವುದಿಲ್ಲ. ಇನ್ನೊಂದು ಇದಕ್ಕಿಂತ ಮುಖ್ಯ. ಫೋನು ಮತ್ತು ಗೂಗಲ್ ಎರಡೂ ಒಂದಕ್ಕೊಂದು ಹೊಂದಿಕೊಂಡಿರುವ ವ್ಯವಸ್ಥೆಯಲ್ಲಿ ಕೂಸು ಫೋನ್ ಹಿಡಿದು ಒಂದು ಫೋಟೋ ಅಳಿಸಿದರೆ ಅಲ್ಲಿಯದೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ದಿನ ಇರುತ್ತದೆ, ಆಮೇಲೆ ಹೋಗುತ್ತದೆ. ವೈರಿನಿಂದ ಬಿಡಿಸಿ ಕಪಾಟಿನಲ್ಲಿಟ್ಟ ಡಿಸ್ಕನ್ನು ಮಾತ್ರ ಯಾವ ಕೂಸಿನ ಬೆರಳೂ ಮುಟ್ಟುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಸುಮಾರು 150 ದೇಶಗಳ ಕಂಪ್ಯೂಟರುಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅಂಥ ವೈರಸ್ ಲ್ಯಾಪ್‌ಟಾಪಿಗೆ ಹಚ್ಚಿಯೇ ಬಿಟ್ಟ ಡಿಸ್ಕಿಗೂ ಬೀಗ ಹಾಕುತ್ತದೆ. ಕೆಲಸ ಮುಗಿದ ಕೂಡಲೇ ಡಿಸ್ಕನ್ನು ಬಿಡಿಸಿ ಇಡಬೇಕೆನ್ನುವುದು ಇದಕ್ಕೇ.

ಪ್ರತಿ ಎಷ್ಟಿರಬೇಕು, ಎಲ್ಲಿರಬೇಕು ಎಂಬುದಕ್ಕೆ ಅಮೆರಿಕದ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಒಂದು ಸರಳ ಸೂತ್ರವನ್ನು ಪ್ರಚಾರ ಮಾಡಿದರು: 3–2–1. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಕೊನೆಯ ಒಂದನ್ನು ಜನ ಬಿಟ್ಟುಬಿಡುತ್ತಾರೆ. ಅದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಸವಣೂರಿನ ದೊಡ್ಡ ಹುಣಸೆಮರಗಳನ್ನು ನೋಡಬೇಕು. ಹೆಸರಿಗೆ ಹುಣಸೆ, ಜಾತಿಯಿಂದ ಆಫ್ರಿಕದ ಬಾವೊಬಾಬ್. ಮಠದ ಒಂದೇ ಅಂಗಳದಲ್ಲಿ ಮೂರು ಮರ, ಹಲವು ಮಂದಿ ಕೈ ಕೈ ಹಿಡಿದು ಬಳಸಬೇಕಾದಂಥ ಬೊಡ್ಡೆ. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಸಹಿತ ಉರುಳಿತು. ಅದನ್ನು ಎತ್ತಿ ಮತ್ತೆ ನೆಡುವ ಸಾಹಸವನ್ನೂ ಮಾಡಿದರು. ಇನ್ನೆರಡು ನಿಂತಿವೆ ಎಂಬುದು ನಮ್ಮೆಲ್ಲರ ಭಾಗ್ಯ. ಆದರೆ ಮೂರೂ ಇರುವುದು ಒಂದೇ ಮಣ್ಣಲ್ಲಿ. ಬೀಸುವ ಗಾಳಿ, ಸುರಿಯುವ ಮಳೆ ಮೂರಕ್ಕೂ ಒಂದೇ. 2019ರ ಆಗಸ್ಟಿನಲ್ಲಿ ವರದೆ ಉಕ್ಕಿ ನಮ್ಮ ಜಿಲ್ಲೆಯ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ, ಮಣ್ಣಿನ ಗೋಡೆಗಳು ಕುಸಿದು ಬಿದ್ದಾಗ, ಲ್ಯಾಪ್‌ಟಾಪ್ ಇದ್ದ ಮನೆಯ ಕಪಾಟಿನಲ್ಲೇ ಡಿಸ್ಕೂ ಇದ್ದಿದ್ದರೆ ಎರಡೂ ಒಂದೇ ನೀರಲ್ಲಿ ಮುಳುಗಬೇಕಿತ್ತು. ಕಳ್ಳ ಬಂದರೂ ಅಷ್ಟೇ, ಬೆಂಕಿ ಬಿದ್ದರೂ ಅಷ್ಟೇ.

ನಮ್ಮ ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮನೆಯ ಬಿತ್ತನೆ ಜೋಳ ಹುಳ ಹಿಡಿದರೆ ಬೀಗರ ಊರಿನಿಂದ ಅದೇ ತಳಿಯ ಬೀಜ ಬರುತ್ತಿತ್ತು, ಏಕೆಂದರೆ ಹಿಂದೊಮ್ಮೆ ಇವರೇ ಅವರಿಗೆ ಕೊಟ್ಟಿದ್ದರು. ಬ್ಯಾಕಪ್ ಎಂದರೆ ಅಂಥ ಬೀಜದ ಗಡಿಗೆ, ಇನ್ನೊಂದು ಊರಿನಲ್ಲಿ ಇರುವುದರಿಂದಲೇ ಅದಕ್ಕೆ ಬೆಲೆ. ಜಗತ್ತು ಇದನ್ನೇ ದೊಡ್ಡದಾಗಿ ಮಾಡಿದೆ. ನಾರ್ವೆಯ ಸ್ವಾಲ್‌ಬಾರ್ಡಿನ ಹಿಮದ ಗುಡ್ಡದೊಳಗೆ 2008ರಲ್ಲಿ ಬೀಜದ ಉಗ್ರಾಣ ತೆರೆಯಿತು. ಸಿರಿಯಾದ ಅಲೆಪ್ಪೊದಲ್ಲಿದ್ದ ಇಕಾರ್ಡಾ ಸಂಸ್ಥೆಯ ಬೀಜ ಸಂಗ್ರಹ ಯುದ್ಧದಿಂದ ಕೈಗೆ ಸಿಗದಂತಾದಾಗ, 2015ರಲ್ಲಿ ಆ ಸಂಸ್ಥೆಯವರು ಸ್ವಾಲ್‌ಬಾರ್ಡಿನಲ್ಲಿ ತಾವೇ ಇಟ್ಟಿದ್ದ ಬೀಜ ಹಿಂಪಡೆದು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಬಿತ್ತಿ ಮತ್ತೆ ಬೆಳೆಸಿಕೊಂಡರು. ಬೇರೆ ಊರಿನಲ್ಲಿ ಇಟ್ಟ ಒಂದು ಪ್ರತಿ ಗೋಧಿ ಬಾರ್ಲಿಯ ತಳಿಗಳನ್ನು ಕಾದದ್ದು ಹೀಗೆ.

ಇಟ್ಟದ್ದು ಉಳಿದರೆ ಸಾಲದು, ಓದಲೂ ಬರಬೇಕು. ಕನ್ನಡಿಗರಿಗೆ ಇದರ ಬಿಸಿ ಚೆನ್ನಾಗಿ ತಾಗಿದೆ. 1998ರಲ್ಲಿ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಪುಸ್ತಕ, ಲಗ್ನಪತ್ರಿಕೆ, ಸಂಘದ ವರದಿ ಎಲ್ಲ ಅವುಗಳ ಅಕ್ಷರದಲ್ಲಿ ಕೂಡಿದವು. ಆ ಕಾಲದ ಫಾಂಟುಗಳು ಕನ್ನಡ ಅಕ್ಷರವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆಗೆದರೆ ಒಂದಕ್ಷರವೂ ತಿಳಿಯದ ಗೊಂದಲ. ಇಪ್ಪತ್ತು ವರ್ಷದ ಹಿಂದಿನ ಊರ ಜಾತ್ರೆಯ ಸ್ಮರಣ ಸಂಚಿಕೆ, ಶಾಲೆಯ ವಜ್ರಮಹೋತ್ಸವದ ಪುಸ್ತಕ ಇಂಥ ಕಡತಗಳಾಗಿ ಯಾರ್ಯಾರ ಹಳೆಯ ಸಿಸ್ಟಮ್ಮಿನಲ್ಲೋ ಇವೆ. ಅವನ್ನು ಯೂನಿಕೋಡಿಗೆ ಬದಲಿಸಿ ಇಡುವುದು ಈಗ ಸುಲಭ, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಮೂಲ ಕಡತ, ಅದರ ಫಾಂಟ್, ಯೂನಿಕೋಡ್ ಪ್ರತಿ, ಜೊತೆಗೊಂದು ಪಿಡಿಎಫ್, ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಲ್ಯಾಪ್‌ಟಾಪಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ 48 ಅಂಕೆಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಬೇಕು. ಇಲ್ಲದಿದ್ದರೆ ಮನೆಯವರೇ ಮನೆಯ ಹೊರಗೆ ನಿಲ್ಲಬೇಕಾಗುತ್ತದೆ.

ಸರಕಾರವೂ ಈ ದಾರಿಯಲ್ಲೇ ನಡೆದು ಬಂದಿದೆ. ತಲಾಟಿಯ ದಫ್ತರದಲ್ಲಿ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಉತಾರಗಳನ್ನು 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದ್ದು ಕರ್ನಾಟಕ ಮಾಡಿದ ದೊಡ್ಡ ಕೆಲಸ. ಈಗ ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಯ ಹಳೆಯ ಕಡತಗಳನ್ನು ‘ಭೂ ಸುರಕ್ಷಾ’ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹಾಳೆ ಹರಿದರೆ, ಕಳೆದರೆ, ಯಾರಾದರೂ ತಿದ್ದಿದರೆ ಬಡವನ ಹೊಲವೇ ಹೋಗುವ ಲೋಕದಲ್ಲಿ ಇನ್ನೊಂದು ಪ್ರತಿ ಎಂದರೆ ನ್ಯಾಯ. ಆದರೆ ಬೀಸುಕಲ್ಲಿನ ಪದಕ್ಕೆ, ಅಜ್ಜಿಯ ಮುಖಕ್ಕೆ, ಹೋರಿಯ ಓಟಕ್ಕೆ ಸರಕಾರದ ದಾಖಲೆ ಕೋಣೆ ಇಲ್ಲ. ಅದು ನಮ್ಮ ನಮ್ಮ ಮನೆಯವರೇ ಮಾಡಬೇಕಾದ ಕೆಲಸ.

ಹಾಗೆಂದು ಮನೆಯೊಳಗೇ ಮುಗಿಸಬೇಕಿಲ್ಲ. ನೆರೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಊರ ಹಾಡು, ಕಥೆ, ಆಟಗಳ ಧ್ವನಿ ಇದ್ದವರು ಅದರ ಒಂದು ಪ್ರತಿಯನ್ನು ಅಂಥ ಕಡೆ ಒಯ್ದು ಕೊಡಬೇಕು; ಹಾಡಿದವರ ಹೆಸರು, ಊರು, ಹಾಡಿದ ವರ್ಷ, ಯಾವ ಸಂದರ್ಭದ ಹಾಡು ಎಂಬುದನ್ನು ಬರೆದು ಕೊಡಬೇಕು. ಅದಕ್ಕೆ ಮೊದಲು ಹಾಡಿದವರನ್ನೋ ಅವರ ಮಕ್ಕಳನ್ನೋ ಕೇಳಿ ಒಪ್ಪಿಗೆ ಪಡೆಯಬೇಕು. ಶಿಶುನಾಳ ಶರೀಫರ ಪದಗಳು ಇದೇ ಸೀಮೆಯ ಬಾಯಿಂದ ಬಾಯಿಗೆ ಹರಿದು, ಬರೆದುಕೊಂಡವರ ಕೈ ಸೇರಿ, ಅಚ್ಚಾಗಿ, ಕ್ಯಾಸೆಟ್ಟಾಗಿ ಇಡೀ ನಾಡನ್ನು ತಲುಪಿದವು. ಕೊಟ್ಟದ್ದರಿಂದ ಅವು ಬೆಳೆದವು.

ಯಾವಾಗ ಮಾಡಬೇಕು ಎನ್ನುವುದಕ್ಕೆ ನಮ್ಮ ಪಂಚಾಂಗದಲ್ಲೇ ಉತ್ತರವಿದೆ. ಅಮಾಸಿಗೆ ನಮ್ಮ ಕಡೆ ಅಂಗಡಿ, ಗಾಡಿ, ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ ಎಲ್ಲಕ್ಕೂ ಪೂಜೆ ಆಗುತ್ತದೆ. ಆ ದಿನವೇ ಲ್ಯಾಪ್‌ಟಾಪಿಗೂ ಡಿಸ್ಕ್ ಹಚ್ಚಿ, ಆ ತಿಂಗಳು ಸೇರಿದ್ದನ್ನು ಕಾಪಿ ಮಾಡಿ, ಡಿಸ್ಕಿನ ಮೇಲೆ ಚೀಟಿ ಅಂಟಿಸಿ ತಾರೀಖು ಬರೆಯಿರಿ. ಹಾಗೇ ಎದ್ದು ಹೋಗದೆ ನಾಲ್ಕಾರು ಫೈಲುಗಳನ್ನು ಡಿಸ್ಕಿನಿಂದಲೇ ತೆರೆದು ನೋಡಿ. ಒಂದು ಹಳೆಯದು, ಒಂದು ಹೊಸದು, ಒಂದು ಹಾಡು, ಒಂದು ವಿಡಿಯೋ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬಾರದು. ಬೇರೆ ಊರಿನ ಪ್ರತಿಗೂ ನಮ್ಮಲ್ಲಿ ದಾರಿ ಇದೆ. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ನನ್ನ ತಂಗಿಯನ್ನು ಹಾನಗಲ್ಲಿಗೆ ಕೊಟ್ಟಿದೆ. ಎರಡನೆಯ ಡಿಸ್ಕ್ ಇರುವುದು ಅವಳ ಮನೆಯಲ್ಲಿ. ಪಂಚಮಿಗೆ ಬರುವಾಗ ಅದನ್ನು ತರುತ್ತಾಳೆ, ಹೊಸದು ತುಂಬಿಸಿಕೊಂಡು ಉಂಡಿಯ ಡಬ್ಬಿಯ ಜೊತೆ ಒಯ್ಯುತ್ತಾಳೆ, ದೀಪಾವಳಿಗೆ ಮತ್ತೊಮ್ಮೆ. ಅವಳ ಮನೆಯ ಡಿಸ್ಕಿನ ಪ್ರತಿ ನಮ್ಮ ಮನೆಯಲ್ಲಿ ಇದೆ. ಡಿಸ್ಕಿಗೆ ಐದು ವರ್ಷ ದಾಟಿದರೆ ಹೊಸದಕ್ಕೆ ಎಲ್ಲವನ್ನೂ ಸಾಗಿಸಿ, ಹಳೆಯದನ್ನು ಹೆಚ್ಚಿನ ಪ್ರತಿ ಎಂದು ಇಟ್ಟುಕೊಂಡರಾಯಿತು.

ಸಾವಿರ ಪ್ರತಿಗೆ ಅತ್ತಿಮಬ್ಬೆ ತನ್ನ ಸಿರಿ ಸುರಿದಳು, ಮುದ್ರಣಾಲಯಕ್ಕೆ ಹಳಕಟ್ಟಿಯವರು ಇದ್ದ ಮನೆ ಮಾರಿದರು. ನಮ್ಮಿಂದ ಕಾಲ ಕೇಳುತ್ತಿರುವುದು ಒಂದು ಡಿಸ್ಕಿನ ದುಡ್ಡು, ತಿಂಗಳಿಗೊಂದು ಮುಂಜಾನೆ. ಇಷ್ಟನ್ನೂ ಕೊಡದೆ, ನಾಳೆ ಮೊಮ್ಮಕ್ಕಳು “ಅಮ್ಮ ಹೆಂಗ ಹಾಡ್ತಿದ್ಲು?” ಎಂದು ಕೇಳಿದಾಗ ಬರೀ ಮಾತಿನಲ್ಲಿ ವರ್ಣಿಸಿ ತೃಪ್ತಿಪಡಿಸಲು ನಮ್ಮಿಂದ ಆಗದು. ಬರುವ ಅಮಾಸಿಗೆ ಶುರುಮಾಡಿ.